ಇಳುವರಿಯ ಚಿತ್ರ, ಊಟದ ಮೌನ: ಬೆಟ್ಟದಪುರ ಸೀಮೆ ಮತ್ತು ಕೃಷಿ ಸಾಕ್ಷ್ಯಚಿತ್ರದ ಚರಿತ್ರೆ

ನಮ್ಮ ದೇಶದಲ್ಲಿ ಸರ್ಕಾರಿ ಸಾಕ್ಷ್ಯಚಿತ್ರಕ್ಕೆ ಭದ್ರವಾದ ನೆಲೆ ಒದಗಿಸಿದ್ದು ಎರಡನೆಯ ಮಹಾಯುದ್ಧ. 1943ರಲ್ಲಿ ‘ಇನ್‌ಫರ್ಮೇಶನ್ ಫಿಲ್ಮ್ಸ್ ಆಫ್ ಇಂಡಿಯಾ’ ಶುರುವಾಯಿತು. ಸರ್ಕಾರ ಒಪ್ಪಿದ ಚಿತ್ರಗಳನ್ನು ಚಿತ್ರಮಂದಿರಗಳು ತೋರಿಸಲೇಬೇಕೆಂದು ಅದೇ ವರ್ಷ ಭಾರತ ರಕ್ಷಣಾ ನಿಯಮದಡಿ ಕಟ್ಟಳೆಯಾಯಿತು. ಬಂಗಾಳದಲ್ಲಿ ಜನ ಅನ್ನವಿಲ್ಲದೆ ಸತ್ತದ್ದೂ ಅದೇ ವರ್ಷ. ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಪ್ರಚಾರದ ಕಾಲದಲ್ಲಿ ಕಟ್ಟಿದ ಈ ಪದ್ಧತಿಯನ್ನು 1948ರಲ್ಲಿ ಫಿಲ್ಮ್ಸ್ ಡಿವಿಷನ್ ಹೆಚ್ಚೇನೂ ಬದಲಿಸದೆ ಮುಂದುವರಿಸಿತು. ಮೊದಲಿಗೆ ಚಿತ್ರಗಳು ಬರುತ್ತಿದ್ದುದು ಇಂಗ್ಲಿಷ್, ಹಿಂದಿ, ಬಂಗಾಳಿ, ತಮಿಳು, ತೆಲುಗುಗಳಲ್ಲಿ. ಕನ್ನಡದ ಸರದಿ ಆಮೇಲೆ ಬಂತು.

ಮೈಸೂರು ಸೀಮೆಗೆ ಚಿತ್ರಕ್ಕಿಂತ ದನಿಯೇ ಹತ್ತಿರದ್ದು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಆರಂಭಿಸಿದರು. 1955ರಲ್ಲಿ ಕೇಂದ್ರ ಬೆಂಗಳೂರು ಸೇರಿತು. ಮೈಸೂರಿಗೆ ನಿಲಯ ಮರಳಿದ್ದು 1974ರಲ್ಲಿ. ಅಷ್ಟರಲ್ಲಿ ಹಸಿರು ಕ್ರಾಂತಿಯ ಕಾಲ ಬಂದು, ಬಾನುಲಿಯೆಂದರೆ ಬಿತ್ತನೆ ಬೀಜ, ಗೊಬ್ಬರ, ಔಷಧಿಯ ಸಲಹೆ ಎಂಬಂತಾಗಿತ್ತು. ತಂಜಾವೂರಿನಲ್ಲಿ ಎ.ಡಿ.ಟಿ. 27 ಎಂಬ ಭತ್ತದ ತಳಿಗೆ ಜನ ‘ರೇಡಿಯೋ ಭತ್ತ’ವೆಂದೇ ಹೆಸರಿಟ್ಟರು. ನಮ್ಮ ಕಡೆ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಎಕರೆಗೆ ಎಷ್ಟು ಮೂಟೆ ಎಂಬುದಕ್ಕೆ ಸಲಹೆಯ ಮಾತಿನಲ್ಲಿ ಸಿಕ್ಕ ಜಾಗ, ಆ ಹಿಟ್ಟಿನ ಮುದ್ದೆ ಹೇಗೆ ಬಂತು ಎಂಬುದಕ್ಕೆ ಸಿಗಲಿಲ್ಲ. ತಿನ್ನುವವರಿಗೆ ಅದೇ ಮೊದಲ ಪ್ರಶ್ನೆ.

1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಟಿ.ವಿ. ಪ್ರಯೋಗ ರಾಯಚೂರು, ಬಿಜಾಪುರ, ಗುಲಬರ್ಗಾ ಹಳ್ಳಿಗಳನ್ನು ಮುಟ್ಟಿತು. ಮೈಸೂರು ಅದರ ಹೊರಗಿತ್ತು. ಆ ಪ್ರಯೋಗದ ಒಂದು ತಾಂತ್ರಿಕ ವಿವರ ಮಾತ್ರ ಇಲ್ಲಿ ಮುಖ್ಯ. ಒಂದೇ ಚಿತ್ರ, ಅದಕ್ಕೆ ಕನ್ನಡ ಮತ್ತು ತೆಲುಗಿನ ಎರಡು ಧ್ವನಿವಾಹಿನಿ. ಇಂಥ ಏರ್ಪಾಡಿನಲ್ಲಿ ನಿರೂಪಕನಿಗೆ ಇರುವ ಅನುಕೂಲ ಹೊಲದಲ್ಲಿ ನಿಂತು ಮಾತಾಡುವ ರೈತನಿಗಿಲ್ಲ. ಅವನು ದುಡಿಯುತ್ತಾನೆ, ಇನ್ನೊಬ್ಬರು ವಿವರಿಸುತ್ತಾರೆ.

ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಸುತ್ತಮುತ್ತ ಈ ಪದ್ಧತಿಯ ಮಿತಿಯನ್ನು ಬಯಲಿಗೆ ತರುವ ಬೆಳೆ ಹೊಗೆಸೊಪ್ಪು. ತಂಬಾಕು ಮಂಡಳಿ ಅಸ್ತಿತ್ವಕ್ಕೆ ಬಂದದ್ದು 1976ರ ಜನವರಿ 1ರಂದು. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪೇ ಮುಖ್ಯ ಹಣದ ಬೆಳೆಯಾಯಿತು. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರವಿದೆ. ಭತ್ತದ ಸೀಮೆಯಾದ ಕೆ.ಆರ್. ನಗರದ ಕಾಲುವೆ ಬಯಲಿನ ಕಥೆ ಬೇರೆ.

ಸೊಪ್ಪು ಬೇಯಿಸುವುದು ಬರಿಗಣ್ಣಿನ ವಿಜ್ಞಾನ. ಮುರಿದ ಎಲೆಯನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿನೊಳಗೆ, ಅಂದರೆ ಸೊಪ್ಪು ಬೇಯಿಸುವ ಮನೆಯೊಳಗೆ, ಸಾಲುಸಾಲಾಗಿ ಏರಿಸುತ್ತಾರೆ. ಮೊದಲು ಸಣ್ಣ ಕಾವಿನಲ್ಲಿ ಎಲೆ ಹಳದಿಗೆ ತಿರುಗಬೇಕು, ಆಮೇಲೆ ಆ ಬಣ್ಣ ನಿಲ್ಲಬೇಕು, ಕೊನೆಗೆ ನಡುದಂಟು ಒಣಗುವ ತನಕ ಕಾವು ಏರಬೇಕು. ಸುಮಾರು 70 ಡಿಗ್ರಿ ಸೆಲ್ಸಿಯಸ್‌ವರೆಗೆ ಹೋಗುತ್ತದೆ. ಅವಸರ ಮಾಡಿದರೆ ಎಲೆಯಲ್ಲಿ ಹಸಿರು ಉಳಿಯುತ್ತದೆ, ತಡಮಾಡಿದರೆ ಕಂದುಗಟ್ಟುತ್ತದೆ. ಎರಡಕ್ಕೂ ಹರಾಜು ಕಟ್ಟೆಯಲ್ಲಿ ದರ ಬೀಳುತ್ತದೆ. ಐದಾರು ರಾತ್ರಿ ಒಲೆಗೆ ಸೌದೆ ತಳ್ಳುತ್ತ ಮನೆಮಂದಿ ಸರದಿಯಲ್ಲಿ ಎಚ್ಚರವಿರುತ್ತಾರೆ.

ತರಬೇತಿ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೆ? ಆದರೆ ಹಂತಹಂತವಾಗಿ ಕಲಿಸುವ ಚಿತ್ರ, ಸೌದೆ ಯಾವ ಕಾಡಿನಿಂದ ಬಂತು, ಒದ್ದೆ ಎಲೆ ಮುಟ್ಟಿದ ಹೆಂಗಸರಿಗೆ ನಿಕೋಟಿನ್ ಚರ್ಮಕ್ಕಿಳಿದು ತಲೆಸುತ್ತು, ವಾಂತಿ ಬರುವುದೇಕೆ, ಬೆಂಕಿ ಕಾಯುವ ವಾರದಲ್ಲಿ ಮನೆಯ ಅಡುಗೆ ಏನಾಯಿತು ಎಂದು ಕೇಳುವುದಿಲ್ಲ. ದರ ಕುಸಿದು 2015ರಲ್ಲಿ ಈ ಭಾಗದ ಬೆಳೆಗಾರರ ಆತ್ಮಹತ್ಯೆಗಳು ಸುದ್ದಿಯಾದಾಗ, ಕೇಳಬೇಕಾಗಿದ್ದ ಪ್ರಶ್ನೆಗಳು ‘ಹೇಗೆ ಬೆಳೆಯಬೇಕು’ ಎಂಬುದರ ಆಚೆಗಿದ್ದವು.

ಅಂಥ ಪ್ರಶ್ನೆಗಳನ್ನು ಕೇಳಿದ ಚಿತ್ರಗಳಿಲ್ಲದಿಲ್ಲ. ರಾಬರ್ಟ್ ಕೆನ್ನರ್ ಅವರ ‘ಫುಡ್ ಇಂಕ್’ (2008) ಸೂಪರ್ ಮಾರ್ಕೆಟ್ಟಿನಿಂದ ಹಿಂದಕ್ಕೆ ನಡೆದು ಹೊಲ, ಕಸಾಯಿಖಾನೆಗಳನ್ನು ತಲುಪುತ್ತದೆ. ದೀಪಾ ಭಾಟಿಯಾ ಅವರ ‘ನೀರೋಸ್ ಗೆಸ್ಟ್ಸ್’ (2009) ಪತ್ರಕರ್ತ ಪಿ. ಸಾಯಿನಾಥ್ ಜೊತೆ ರೈತರ ಸಾವಿನ ಮನೆಗಳಿಗೆ ಹೋಗುತ್ತದೆ. ನನ್ನ ಮಟ್ಟಿಗೆ ಇವೆರಡಕ್ಕಿಂತ ದೊಡ್ಡ ಹೆಜ್ಜೆ ನಮ್ಮ ಬೀದರ್ ಗಡಿಗೆ ಹತ್ತಿರದ ಜಹೀರಾಬಾದ್ ಕಡೆಯದು. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ರೈತ ಮಹಿಳೆಯರು ತಾವೇ ಕ್ಯಾಮೆರಾ ಹಿಡಿದು ಬಿ.ಟಿ. ಹತ್ತಿಯ ನಷ್ಟವನ್ನೂ ತಮ್ಮ ಸಿರಿಧಾನ್ಯವನ್ನೂ ದಾಖಲಿಸಿದರು. ಬೆಂಗಳೂರಿನಲ್ಲಿ 2006ರಲ್ಲಿ ಆರಂಭವಾದ ‘ಡಿಜಿಟಲ್ ಗ್ರೀನ್’ ಕರ್ನಾಟಕದ ಹಳ್ಳಿಗಳಲ್ಲಿ ಗ್ರೀನ್ ಫೌಂಡೇಶನ್ ಜೊತೆಗೂಡಿ ರೈತರದೇ ಕಿರುಚಿತ್ರಗಳನ್ನು ಮಾಡಿ ತೋರಿಸಿತು. ನೋಡಿದವರು ಮೊದಲು ವಿಚಾರಿಸುತ್ತಿದ್ದುದು ತೆರೆಯ ಮೇಲಿನ ರೈತನ ಹೆಸರು ಮತ್ತು ಊರು. ಯಾರು ಹೇಳುತ್ತಿದ್ದಾರೆ ಎಂಬುದರ ಮೇಲೆ ಮಾತಿನ ತೂಕ ನಿಂತಿತ್ತು. ನಿರೂಪಕನ ಗಂಭೀರ ದನಿಯನ್ನೇ ನಂಬಿದ್ದ ಹಳೆಯ ಪದ್ಧತಿಗೆ ಇದು ತಿಳಿಯದೆ ಹೋಯಿತು.

ಈ ಹೊಗೆಸೊಪ್ಪಿನ ಸೀಮೆಯ ಮಟ್ಟಿಗೆ ಆ ಬದಲಾವಣೆ ಬಂದದ್ದು ದನಿಯ ಮೂಲಕವೇ. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 2012ರಲ್ಲಿ ಸರಗೂರಿನಲ್ಲಿ ಆರಂಭಿಸಿದ ‘ಜನಧ್ವನಿ’ 90.8 ಎಫ್.ಎಂ. ಸಮುದಾಯ ಬಾನುಲಿಯಲ್ಲಿ ಎಚ್.ಡಿ. ಕೋಟೆ ಸೀಮೆಯ ಜನ ತಮ್ಮ ಮಾತಿನಲ್ಲೇ ಮಾತಾಡುತ್ತಾರೆ. ಕಾಡಂಚಿನ ಆದಿವಾಸಿ ಹಾಡಿಗಳ ಗೆಡ್ಡೆಗೆಣಸು, ಜೇನು, ಸೊಪ್ಪುಗಳ ತಿಳಿವಳಿಕೆ ತಜ್ಞರ ಪಾಠಕ್ಕಿಂತ ಇಂಥ ಮಾತಿನಲ್ಲಿ ಚೆನ್ನಾಗಿ ಉಳಿಯುತ್ತದೆ.

ಧ್ವನಿಮುದ್ರಣ ಬೇಗ ಅಳಿದುಹೋಗುವ ದಾಖಲೆ. ಸಮುದಾಯ ಬಾನುಲಿಯ ಕಡತಗಳನ್ನೂ ಆಕಾಶವಾಣಿಯ ಹಳೆಯ ಕೃಷಿ ಕಾರ್ಯಕ್ರಮಗಳ ಟೇಪುಗಳನ್ನೂ ಊರು, ಬೆಳೆ, ಅಡುಗೆಗಳ ಪ್ರಕಾರ ಪಟ್ಟಿಮಾಡಿ ಕಾಪಿಡುವ ಕೆಲಸವನ್ನು ಮೈಸೂರು ವಿಶ್ವವಿದ್ಯಾನಿಲಯ ಕೈಗೆತ್ತಿಕೊಳ್ಳಬೇಕು. ಜೊತೆಗೆ, ಸಸಿಮಡಿಯಿಂದ ಹರಾಜು ಕಟ್ಟೆಯವರೆಗೆ ಒಂದು ಪೂರ್ತಿ ಹೊಗೆಸೊಪ್ಪಿನ ಹಂಗಾಮನ್ನು, ಬೆಳೆಗಾರರ ಅಡುಗೆಮನೆಯನ್ನೂ ಸೇರಿಸಿ, ಅವರ ಮಕ್ಕಳೇ ಚಿತ್ರಿಸಲಿ. ಅವರ ಕೈಯಲ್ಲಿ ಮೊಬೈಲ್ ಇದೆ. ಬೇಕಾಗಿರುವುದು ಕಲಿಸುವವರು ಮತ್ತು ಚಿತ್ರವನ್ನು ಊರಲ್ಲೇ ತೋರಿಸಲು ಒಂದು ಜಾಗ.