ಚಾಳೀಸಿನ ಕಣ್ಣು, ಕೋವಿಯ ಮೊನೆ

ನಲವತ್ತು ದಾಟಿದವರು ಪತ್ರಿಕೆಯನ್ನು ಕೈ ಚಾಚಿ ದೂರ ಹಿಡಿದು ಓದತೊಡಗಿದರೆ ಮಂಡ್ಯದ ಕಡೆ ‘ಚಾಳೀಸು ಬಂತು’ ಎನ್ನುತ್ತಾರೆ. ಹಿಂದಿ, ಮರಾಠಿಗಳಲ್ಲಿ ನಲವತ್ತಕ್ಕೆ ಇರುವ ಹೆಸರೇ ಕನ್ನಡಕ್ಕೆ ಬಂದು, ಆ ವಯಸ್ಸಿನ ದೃಷ್ಟಿದೋಷಕ್ಕೂ ಅದಕ್ಕೆ ಹಾಕುವ ಕನ್ನಡಕಕ್ಕೂ ಹೆಸರಾಯಿತು. ಓದುವವರಿಗೆ ಇದು ಸಣ್ಣ ತೊಂದರೆ. ಕನ್ನಡಕದ ಅಂಗಡಿಗೆ ಹೋದರೆ ಮುಗಿಯಿತು. ಆದರೆ ಕೋವಿ ಹಿಡಿಯುವವರ ಗತಿ? ಬ್ಯಾಂಕಿನ ಬಾಗಿಲಲ್ಲಿ ನಿಂತ ಮಾಜಿ ಸೈನಿಕ, ಬೆಳೆ ಕಾಯಲು ಲೈಸೆನ್ಸ್ ಪಡೆದ ರೈತ, ಫೈರಿಂಗ್ ಅಭ್ಯಾಸಕ್ಕೆ ಹೋಗುವ ಹಿರಿಯ ಹೆಡ್ ಕಾನ್‌ಸ್ಟೆಬಲ್, ಪದಕದ ಆಸೆಯ ಪಿಸ್ತೂಲ್ ಶೂಟರ್, ಇವರೆಲ್ಲರಿಗೂ ಅಂಗಡಿಯ ಓದುವ ಕನ್ನಡಕ ಉಪಕಾರಕ್ಕಿಂತ ಅಪಕಾರ ಮಾಡುವುದೇ ಹೆಚ್ಚು.

ಚಾಳೀಸಿನ ಕನ್ನಡಕ ನಮ್ಮ ನಾಡಿಗೆ ಬಂದದ್ದು ಇಂದು ನಿನ್ನೆಯಲ್ಲ. ಇಟಲಿಯಲ್ಲಿ 13ನೇ ಶತಮಾನದ ಕೊನೆಗೆ ಹುಟ್ಟಿದ ಈ ಸಾಧನ ಪೋರ್ಚುಗೀಸರ ಹಡಗಿನಲ್ಲಿ ಗೋವೆಗೆ ಬಂತು. ವಿಜಯನಗರದ ರಾಜಗುರು ವ್ಯಾಸರಾಯರು 1520ರ ಸುಮಾರಿಗೆ ಕನ್ನಡಕ ಧರಿಸಿ ಗ್ರಂಥ ಓದುತ್ತಿದ್ದರೆಂಬ ಉಲ್ಲೇಖ ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಲ್ಲಿದೆ ಎಂಬುದನ್ನು ಪುಣೆಯ ವಿದ್ವಾಂಸ ಪಿ.ಕೆ. ಗೋಡೆ ಎತ್ತಿ ತೋರಿಸಿದ್ದಾರೆ. ಭಾರತದಲ್ಲಿ ಕನ್ನಡಕದ ಬಳಕೆಗೆ ದೊರೆತ ಬಹು ಹಳೆಯ ದಾಖಲೆಗಳಲ್ಲಿ ಇದೊಂದು. ವ್ಯಾಸರಾಯರು ಹುಟ್ಟಿದ ಬನ್ನೂರು ಮಳವಳ್ಳಿಗೆ ದೂರವಲ್ಲ. ಅವರಿಗೆ ಸಂನ್ಯಾಸ ಕೊಟ್ಟ ಬ್ರಹ್ಮಣ್ಯತೀರ್ಥರ ಅಬ್ಬೂರು ಮದ್ದೂರಿನ ನೆರೆಯ ಚನ್ನಪಟ್ಟಣದ ಬಳಿಯಲ್ಲಿದೆ. ಕನ್ನಡಕದ ಚರಿತ್ರೆಯಲ್ಲಿ ನಮ್ಮ ಸೀಮೆಗೂ ಒಂದು ಸಾಲು ಉಂಟು ಎನ್ನಲು ಇಷ್ಟು ಸಾಕು.

ಕೋವಿಯ ಚರಿತ್ರೆಯಲ್ಲಂತೂ ಒಂದು ಸಾಲಲ್ಲ, ಒಂದು ಅಧ್ಯಾಯವೇ ಇದೆ. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಜನರಲ್ ಹ್ಯಾರಿಸ್‌ನ ಸೈನ್ಯಕ್ಕೂ ಟಿಪ್ಪು ಸುಲ್ತಾನನ ಸೈನ್ಯಕ್ಕೂ ಕದನ ನಡೆಯಿತು. ಆ ಕಡೆ 33ನೇ ರೆಜಿಮೆಂಟಿನ ಜೊತೆ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇದ್ದ. ಮುಂದೆ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಅವನೇ. ಟಿಪ್ಪು ಹಿಂದೆ ಸರಿದ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

ಅಂದು ಬ್ರಿಟಿಷ್ ಸಿಪಾಯಿಗಳ ಕೈಯಲ್ಲಿದ್ದ ಮಸ್ಕೆಟ್‌ನ ನಳಿಗೆಯ ಒಳಮೈ ನುಣುಪು. ಹಿಂಬದಿಯಲ್ಲಿ ಗುರಿ ನೋಡುವ ಕಚ್ಚೇ ಇರಲಿಲ್ಲ. ಮುಂದೆ ಬಯೊನೆಟ್ ಸಿಕ್ಕಿಸುವ ಸಣ್ಣ ಗುಬುಟೇ ಗುರಿಯ ಗುರುತು. ಕವಾಯತಿನಲ್ಲಿ ‘ಗುರಿಯಿಡು’ ಎಂಬ ಆಜ್ಞೆ ಕೂಡ ಇರಲಿಲ್ಲ, ‘ಪ್ರೆಸೆಂಟ್’ ಎಂದರೆ ಎದುರಿಗೆ ಚಾಚುವುದು, ಆಮೇಲೆ ಸಾಲಿಗೆ ಸಾಲೇ ಒಟ್ಟಾಗಿ ಸಿಡಿಸುವುದು. ಅಂಥ ಯುದ್ಧದಲ್ಲಿ ಚಾಳೀಸು ಬಂದ ಸಿಪಾಯಿಗೂ ಇಪ್ಪತ್ತರ ಹುಡುಗನಿಗೂ ವ್ಯತ್ಯಾಸ ಹೆಚ್ಚಿರಲಾರದು. ಟಿಪ್ಪುವಿಗೇ ಆಗ ನಲವತ್ತೈದು ದಾಟಿತ್ತು.

19ನೇ ಶತಮಾನದಲ್ಲಿ ಒಳಗೆ ಸುರುಳಿ ಗೀರಿದ ರೈಫಲ್ ಎಲ್ಲ ಸೈನ್ಯಗಳಿಗೂ ಬಂದ ಮೇಲೆ ಚಿತ್ರ ಬದಲಾಯಿತು. ಗುಂಡು ನೆಟ್ಟಗೆ ದೂರ ಹೋಗತೊಡಗಿತು. ಹಿಂದೊಂದು ಕಚ್ಚು, ಮುಂದೊಂದು ಮೊನೆ ನಿಂತವು. ಶೂಟರ್‌ಗಳು ಇವನ್ನು ರಿಯರ್ ಸೈಟ್, ಫ್ರಂಟ್ ಸೈಟ್ ಎನ್ನುತ್ತಾರೆ. ಕಚ್ಚು, ಮೊನೆ, ಗುರಿ ಮೂರೂ ಬೇರೆ ಬೇರೆ ದೂರದಲ್ಲಿರುವಂಥವು. ಕಣ್ಣು ಒಂದು ಹೊತ್ತಿಗೆ ಒಂದನ್ನೇ ಸ್ಪಷ್ಟವಾಗಿ ಕಾಣಬಲ್ಲುದು. ಎಳೆಯ ವಯಸ್ಸಿನಲ್ಲಿ ಕಣ್ಣೊಳಗಿನ ಮಸೂರ ಮೆತ್ತಗಿದ್ದು ಕ್ಷಣಮಾತ್ರದಲ್ಲಿ ಹತ್ತಿರಕ್ಕೂ ದೂರಕ್ಕೂ ಹೊಂದಿಕೊಳ್ಳುತ್ತದೆ. ವಯಸ್ಸಾದಂತೆ ಅದು ಗಡುಸಾಗುತ್ತದೆ, ಅರವತ್ತರ ಹೊತ್ತಿಗೆ ಹೊಂದಿಕೊಳ್ಳುವ ಶಕ್ತಿ ಬಹುತೇಕ ಮುಗಿದಿರುತ್ತದೆ.

ಮೂರರಲ್ಲಿ ಯಾವುದನ್ನು ಸ್ಪಷ್ಟವಾಗಿ ನೋಡಬೇಕು? ಗುರಿಯನ್ನು ಎಂದು ಹೊಸಬರು ಹೇಳುತ್ತಾರೆ. ತಪ್ಪು. ಲೆಕ್ಕ ಹಾಕಿ ನೋಡಿ: ಎರಡು ಸೈಟ್‌ಗಳ ನಡುವೆ 30 ಸೆಂ.ಮೀ. ಅಂತರವಿರುವ ಏರ್ ಪಿಸ್ತೂಲಿನಲ್ಲಿ ಮೊನೆ 1 ಮಿ.ಮೀ. ಅತ್ತ ಸರಿದರೂ 10 ಮೀಟರ್ ಆಚೆ ಗುಂಡು 3 ಸೆಂ.ಮೀ.ಗೂ ಹೆಚ್ಚು ತಪ್ಪುತ್ತದೆ. ಹತ್ತು ಅಂಕದ ವೃತ್ತದ ಅಗಲವೋ ಕೇವಲ 11.5 ಮಿ.ಮೀ. ಆದ್ದರಿಂದ ಮೊನೆ ಕತ್ತಿಯ ಅಂಚಿನಂತೆ ಕಾಣಬೇಕು. ಗುರಿ ಮಸುಕಾದ ಕಪ್ಪು ಚುಕ್ಕಿಯಾಗಿ ಕಂಡರೂ ಅಡ್ಡಿಯಿಲ್ಲ.

ಕನ್ನಡಕದ ಆಯ್ಕೆ ನಿಂತಿರುವುದು ಈ ಮಾತಿನ ಮೇಲೆ. ಕೈ ಚಾಚಿ ಹಿಡಿದ ಪಿಸ್ತೂಲಿನ ಮೊನೆ ಕಣ್ಣಿನಿಂದ ಮುಕ್ಕಾಲು ಮೀಟರಿನಿಂದ ಒಂದು ಮೀಟರ್ ದೂರದಲ್ಲಿರುತ್ತದೆ. ಓದುವ ಕನ್ನಡಕವನ್ನು ಮಾಡಿರುವುದು 40 ಸೆಂ.ಮೀ.ಗೆ. ಅದನ್ನು ಹಾಕಿದರೆ ಮೊನೆಯೂ ಮಂಜು, ಗುರಿಯೂ ಮಂಜು. ಬೈಫೋಕಲ್‌ನಲ್ಲಿ ಹತ್ತಿರದ ಪವರ್ ಕೆಳಗಿರುವುದರಿಂದ ಮೊನೆ ನೋಡಲು ತಲೆಯನ್ನು ಹಿಂದಕ್ಕೆ ವಾಲಿಸಬೇಕಾಗುತ್ತದೆ. ಕತ್ತು ವಾಲಿದರೆ ನಿಲುವೇ ಕೆಟ್ಟಿತು. ಪ್ರೊಗ್ರೆಸಿವ್ ಮಸೂರದ ಕತೆಯೂ ಅಷ್ಟೇ. ಅನುಭವಿಗಳು ಹೇಳುವ ದಾರಿಯೆಂದರೆ, ದೂರದ ನಂಬರಿಗೆ ಪ್ಲಸ್ 0.50 ಅಥವಾ 0.75 ಮಾತ್ರ ಸೇರಿಸಿದ, ಒಂದೇ ಪವರಿನ ಮಸೂರ. ಮೊನೆ ತೀಡಿದಂತೆ ಕಾಣುತ್ತದೆ, ಗುರಿಯೂ ಪೂರ್ತಿ ಕರಗುವುದಿಲ್ಲ. ಇನ್ನೊಂದು ಉಪಾಯ ಸಣ್ಣ ರಂಧ್ರ. ರಟ್ಟಿಗೆ ಸೂಜಿಯಿಂದ ತೂತು ಮಾಡಿ ಅದರೊಳಗಿಂದ ಪತ್ರಿಕೆ ನೋಡಿದರೆ ಕನ್ನಡಕವಿಲ್ಲದೆಯೂ ಅಕ್ಷರ ತಿಳಿಯಾಗುವುದನ್ನು ಯಾರೂ ಪರೀಕ್ಷಿಸಬಹುದು. ಶೂಟರ್‌ಗಳ ಕನ್ನಡಕಕ್ಕೆ ಸಿಕ್ಕಿಸುವ ಐರಿಸ್ ಎಂಬ ಬಿಲ್ಲೆಯ ಗುಟ್ಟು ಇದೇ. ಆದರೆ ಬೆಳಕು ಸಾಲದ ಕಡೆ ಅದು ಕೈಕೊಡುತ್ತದೆ.

ವಯಸ್ಸಾಯಿತೆಂದು ಕೈಬಿಡಬೇಕಿಲ್ಲ. ಸ್ವೀಡನ್ನಿನ ಆಸ್ಕರ್ ಸ್ವಾನ್ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ತಂಡದ ಬೆಳ್ಳಿ ಗೆದ್ದಾಗ 72 ವರ್ಷ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಮುಖದ ಪಾರ್ಶ್ವವಾಯುವಿಗೆ ತುತ್ತಾಗಿಯೂ ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಪಡೆದರು; ನಲವತ್ತರ ವಯಸ್ಸಿನಲ್ಲಿ ರಿಯೊ ಒಲಿಂಪಿಕ್ಸ್‌ಗೆ ಹೋದರು.

ಹಳ್ಳಿಯ ಮಾತು ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಗೆಂದು ಬಾಯಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡಲು ಅವಕಾಶ ಮಾಡಿದೆ. ರಾತ್ರಿ ಗದ್ದೆಯಂಚಿನಲ್ಲಿ ಹಂದಿ ಬೆದರಿಸಲು ಕೂತವರಿಗೆ ಅಂಕದ ಚಿಂತೆಯಿಲ್ಲ. ಆದರೆ ಕತ್ತಲಲ್ಲಿ ಅಲುಗುತ್ತಿರುವುದು ಹಂದಿಯೋ, ನೀರು ಕಟ್ಟಲು ಬಂದ ಪಕ್ಕದ ಹೊಲದವನೋ ಎಂದು ಗುರುತಿಸುವ ಕಣ್ಣು ಬೇಕು. ಇವರಿಗೆ ಮೊನೆಗಿಂತ ದೂರದ ದೃಷ್ಟಿಯೇ ಮುಖ್ಯ. ಪೊರೆ ಬಂದಿದೆಯೇ ಎಂದು ಮೊದಲು ತೋರಿಸಿಕೊಳ್ಳಬೇಕು, ಚಾಳೀಸಿನ ಮಾತು ಆಮೇಲೆ.

ಇನ್ನು ಪಿಸ್ತೂಲಿನವರು ಅಳತೆಗೆಂದು ಆಯುಧವನ್ನು ಕನ್ನಡಕದ ಅಂಗಡಿಗೆ ಒಯ್ಯುವುದು ಬೇಡ. ಗುಂಡು ತೆಗೆದದ್ದನ್ನು ಎರಡು ಸಲ ನೋಡಿ, ಗೋಡೆಯ ಕಡೆ ತಿರುಗಿ ನಿತ್ಯದ ಭಂಗಿಯಲ್ಲಿ ನಿಂತು, ಕಣ್ಣಿನ ಅಂಚಿನಿಂದ ಮೊನೆಯವರೆಗೆ ಇನ್ನೊಬ್ಬರಿಂದ ದಾರ ಹಿಡಿಸಿ ಗಂಟು ಹಾಕಿಸಿಕೊಂಡರಾಯಿತು. ಆ ದಾರವನ್ನೂ ಹಳೆಯ ಚೀಟಿಯನ್ನೂ ಕಣ್ಣಿನ ಡಾಕ್ಟರ ಮುಂದಿಟ್ಟರೆ ಉಳಿದ ಲೆಕ್ಕ ಅವರದು.