ಹೆಬ್ಬೆಟ್ಟು

ಬೆಟ್ಟು ಎಂದರೆ ಬೆರಳು. ‘ಬೆಟ್ಟು ಮಾಡಿ ತೋರಿಸು’ ಎನ್ನುವಾಗ ಮಾತ್ರ ಆ ಪದ ಈಗ ಬಾಯಿಗೆ ಬರುತ್ತದೆ. ಬೆಟ್ಟುಗಳಲ್ಲಿ ಹಿರಿದಾದದ್ದು ಹೆಬ್ಬೆಟ್ಟು. ಹೆಬ್ಬಾಗಿಲು, ಹೆದ್ದಾರಿಗಳ ಸಾಲಿನಲ್ಲಿ ನಿಲ್ಲುವ ಪದ ಅದು. ಕಾಗದಪತ್ರಗಳ ಕಾಲ ಬಂದ ಮೇಲೆ ಅದಕ್ಕೆ ಅವಮಾನದ ಅರ್ಥ ಅಂಟಿತು. ‘ಅವನು ಬಿಡು, ಹೆಬ್ಬೆಟ್ಟು’ ಎಂದರೆ ಆ ಮನುಷ್ಯನ ಮಾತನ್ನು ಅಲ್ಲಿಗೇ ತಳ್ಳಿಹಾಕಿದಂತೆ. ಹಲ್ಲು ನೋಡಿ ದನದ ವಯಸ್ಸು ಹೇಳುವವನು, ಯಾವ ಮಳೆಗೆ ರಾಗಿ ಬಿತ್ತಬೇಕು, ಯಾವ ಮಳೆಗೆ ಹುರುಳಿ ಎಂದು ಲೆಕ್ಕ ತಪ್ಪದೆ ಹೇಳುವವನು ಕೂಡ ಆ ಒಂದು ಪದದ ಮುಂದೆ ತಲೆ ತಗ್ಗಿಸಬೇಕಾಗುತ್ತಿತ್ತು.

ಬೆರಳಚ್ಚಿನ ಚರಿತ್ರೆ ನೋಡಿದರೆ ಈ ಅವಮಾನಕ್ಕೆ ಆಧಾರವೇ ಇಲ್ಲ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿದ್ದ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನಿಂದ ಕರಾರುಪತ್ರಕ್ಕೆ ಅಂಗೈಯ ಅಚ್ಚು ಒತ್ತಿಸಿಕೊಂಡ. ಕೊನಾಯ್‌ಗೆ ಬರಹ ಬರುತ್ತಿತ್ತು. ಸಹಿ ಹಾಕಲು ಹೊರಟವನನ್ನು ತಡೆದು ಅಚ್ಚು ಕೇಳಿದ್ದು, ಮುಂದೆ ಅವನು ‘ಇದು ನನ್ನ ಸಹಿ ಅಲ್ಲ’ ಎನ್ನಬಾರದು ಎಂಬ ಕಾರಣಕ್ಕೆ. ಅಂದರೆ ಹೆಬ್ಬೆಟ್ಟು ಕಚೇರಿ ಹೊಕ್ಕದ್ದು ಅಪನಂಬಿಕೆಯಿಂದ. ಅದನ್ನು ಅಜ್ಞಾನದ ಗುರುತು ಮಾಡಿದವರು ಆಮೇಲಿನವರು.

ನಮ್ಮ ಕಡೆಯ ಹಳೆಯ ಕ್ರಯಪತ್ರವನ್ನೋ ವಿಭಾಗಪತ್ರವನ್ನೋ ಬಿಚ್ಚಿ ಕೊನೆಯ ಪುಟ ನೋಡಿ. ಕೆಳಗೆ ‘ಬಿಕ್ಕಲಂ’ ಎಂದು ಹಾಕಿ ಹೆಸರು ಬರೆದುಕೊಂಡ ಪತ್ರಬರಹಗಾರ ಇರುತ್ತಾನೆ, ಬದಿಯಲ್ಲಿ ಸಾಕ್ಷಿಗಳು. ನಡುವೆ ಮಸಿಯ ಒಂದು ಕಲೆ, ಅದರ ಸುತ್ತ ಬೇರೆ ಯಾರದೋ ಅಕ್ಷರದಲ್ಲಿ ‘ಇಂಥವರ ಎಡಗೈ ಹೆಬ್ಬೆಟ್ಟಿನ ಗುರುತು’. ಎಡಗೈಯದೇ ಏಕೆಂದರೆ ಬಲಗೈ ದುಡಿದು ಸವೆದಿರುತ್ತದೆ, ಗೆರೆ ಚೆನ್ನಾಗಿ ಮೂಡುವುದಿಲ್ಲ. ಆ ಪುಟದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಮಾತ್ರ ಗುರುತಿನ ಮೇಲಿನ ಒಕ್ಕಣೆ: ಪತ್ರವನ್ನು ಓದಿಸಿ ಕೇಳಿ, ಸರಿಯಿದೆಯೆಂದು ಒಪ್ಪಿ ಹಾಕಿದ ರುಜು ಎಂಬ ಮಾತು. ಓದು ಬಾರದವರಿಗೂ ಕೇಳಿ ತಿಳಿಯುವ ಹಕ್ಕುಂಟು, ತಿಳಿದ ಮೇಲೆಯೇ ಒಪ್ಪಿಗೆ ಎಂದು ಆ ಹಳೆಯ ಒಕ್ಕಣೆ ಒಪ್ಪಿಕೊಂಡಿತ್ತು.

ಆ ಮಾತು ಎಷ್ಟು ಸಲ ನಡೆಯಿತು ಎಂಬುದೇ ನೋವಿನ ಸಂಗತಿ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ತೆರೆಯುವ ಮೊದಲೇ ಸುತ್ತಲಿನ ಹೊಲಗಳ ಬೆಲೆ ಏರತೊಡಗಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂತು. ಆಮೇಲೆ ತವರಿನವರು ಅಕ್ಕತಂಗಿಯರನ್ನು ಕರೆಸಿಕೊಂಡು ‘ಒಂದು ಹೆಬ್ಬೆಟ್ಟು ಬೇಕು’ ಎನ್ನುವುದು ಹೆಚ್ಚಾಯಿತು. ಆ ಹೆಬ್ಬೆಟ್ಟಿನ ಮೇಲಿದ್ದದ್ದು ಹಕ್ಕುಬಿಡುಗಡೆ ಪತ್ರ. ಸೀರೆ, ಅರಿಶಿನ ಕುಂಕುಮ ಕೊಟ್ಟು ಕಳಿಸಿದ ಮೇಲೆ ತಾವು ಬಿಟ್ಟುಕೊಟ್ಟದ್ದು ಏನು ಎಂದು ವರ್ಷಗಳ ಬಳಿಕ ತಿಳಿದ ಹೆಂಗಸರು ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳಲ್ಲಿದ್ದಾರೆ. ಅವರಲ್ಲಿ ಸಹಿ ಹಾಕಲು ಬರುವವರೂ ಇದ್ದಾರೆ. ಹೆಸರು ಬರೆಯಲು ಕಲಿತದ್ದು ಅವರನ್ನು ಕಾಪಾಡಲಿಲ್ಲ.

ಜನಗಣತಿ 1991ರಿಂದ ಒಂದು ಅಳತೆ ಇಟ್ಟುಕೊಂಡಿದೆ. ಏಳು ವರ್ಷ ತುಂಬಿದ್ದು, ಯಾವುದೇ ಒಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಬಲ್ಲ, ಬರೆಯಬಲ್ಲ ವ್ಯಕ್ತಿ ಸಾಕ್ಷರ. ಆ ಅಳತೆಯಲ್ಲಿ 2011ರ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಸಾಕ್ಷರತೆ ಶೇ. 77.93. ಅಂಕಿ ಇರಲಿ. ‘ಅರ್ಥಮಾಡಿಕೊಂಡು’ ಎಂಬ ಪದವನ್ನು ಗಟ್ಟಿಯಾಗಿ ಹಿಡಿದರೆ ಪದವಿ ಪಡೆದವರ ಸಾಕ್ಷರತೆಯೂ ಪ್ರಶ್ನೆಯಾಗುತ್ತದೆ. ಮೊಬೈಲಿನಲ್ಲಿ ಸಾಲದ ಆಪ್ ತೆರೆದು, ಇಂಗ್ಲಿಷಿನಲ್ಲಿರುವ ಉದ್ದನೆಯ ಷರತ್ತುಗಳನ್ನು ಕೆಳಕ್ಕೆ ತಳ್ಳಿ ‘ಒಪ್ಪಿದ್ದೇನೆ’ ಎಂದು ಒತ್ತುವಾಗ ನಾವು ಬಳಸುವುದು ಅದೇ ಬೆರಳನ್ನು. ಅಜ್ಜಿಗೆ ಪತ್ರಬರಹಗಾರನಾದರೂ ಎದುರಿಗೆ ಕೂತಿದ್ದ, ಕೇಳಿದರೆ ಉತ್ತರ ಹೇಳಬೇಕಾಗಿತ್ತು. ಮೊಮ್ಮಗನಿಗೆ ಅವನೂ ಇಲ್ಲ.

ಹೆಬ್ಬೆಟ್ಟಿನ ಮಾತು ಬಂದಾಗ ದೊಡ್ಡಬಳ್ಳಾಪುರವನ್ನು ನೆನೆಯದೆ ಇರಲಾಗದು. ಅಲ್ಲಿನ ಮಗ್ಗದ ಮನೆಗಳಲ್ಲಿ ‘ಅಚ್ಚು ಕೆಚ್ಚುವುದು’ ಎಂಬ ಕೆಲಸವಿದೆ. ಒಂದು ಹಾಸು ಮುಗಿದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಎಳೆ ಹಿಡಿದು, ಹೆಬ್ಬೆಟ್ಟು ತೋರುಬೆರಳುಗಳ ನಡುವೆ ಹೊಸೆದು ಕೂಡಿಸಬೇಕು. ಒಂದು ಸೀರೆಯ ಅಗಲಕ್ಕೆ ಎಳೆಗಳು ಸಾವಿರಾರು. ಒಂದು ತಪ್ಪಿದರೂ ಬಟ್ಟೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಕೆಚ್ಚುವವರ ಕಣ್ಣು ಎಳೆಯ ಮೇಲಿರುತ್ತದೆ, ಲೆಕ್ಕ ಇಡುವುದು ಬೆರಳು. ಮಗ್ಗದ ಮೇಲಿನ ಜಕಾರ್ಡ್ ಪೆಟ್ಟಿಗೆಯಲ್ಲಿ ತೂತು ಹೊಡೆದ ರಟ್ಟಿನ ಕಾರ್ಡುಗಳು ಸರಪಳಿಯಂತೆ ತಿರುಗುತ್ತವೆ. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಕಾರ್ಡು ನೋಡಿ ‘ಇಲ್ಲಿ ಹೂವಿನ ದಳ ಕೆಟ್ಟಿದೆ’ ಎಂದು ಬೆಟ್ಟು ಮಾಡುವ ನೇಕಾರ ಓದುತ್ತಿದ್ದಾನೆ. ಅದಕ್ಕೆ ಓದು ಎಂಬ ಹೆಸರು ಕೊಡಲು ನಾನು ಹಿಂಜರಿಯುವುದಿಲ್ಲ.

ಇಂಥ ಬೆರಳೇ ಇಂದು ನ್ಯಾಯಬೆಲೆ ಅಂಗಡಿಯ ಯಂತ್ರದ ಮುಂದೆ ಸೋಲುತ್ತದೆ. ಗೆರೆ ಸವೆದಿರುತ್ತದೆ. ಒರೆಸಿಕೊಂಡು ಒತ್ತು, ಇನ್ನೊಂದು ಬೆರಳು ಇಡು, ನಾಳೆ ಬಾ. ಆಧಾರ್ ಬಂದ ಮೇಲೆ ಹೆಬ್ಬೆಟ್ಟು ಎಲ್ಲರದಾಯಿತು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ವೈದ್ಯರೂ ವಕೀಲರೂ ಬೆರಳು ಕೊಡಬೇಕು, 2001ರ ತಿದ್ದುಪಡಿಯಿಂದ ನೋಂದಣಿ ಕಾಯ್ದೆಯಲ್ಲೇ ಅದು ಸೇರಿದೆ. ಹಾಗಾಗಿ ಆ ಬೈಗುಳದ ಮೊನೆ ಮುರಿಯಬೇಕಾಗಿತ್ತು. ಮುರಿದಿಲ್ಲ. ಬೆರಳು ಒತ್ತಿಸಿಕೊಳ್ಳುವವರು ಈಗಲೂ ಅದು ಯಾತಕ್ಕೆ ಎಂದು ಹೇಳುವುದಿಲ್ಲ. ಪಡಿತರಕ್ಕೋ, ಖಾತೆಯಿಂದ ಹಣ ತೆಗೆಯಲಿಕ್ಕೋ, ಹೊಸ ಸಿಮ್ಮಿಗೋ? ಒತ್ತುವವರಿಗೆ ಕಾಣುವುದು ಕೆಂಪು ದೀಪ, ಹಸಿರು ದೀಪ ಮಾತ್ರ.

ತಾನು ಏನನ್ನು ಒಪ್ಪುತ್ತಿದ್ದೇನೆ ಎಂದು ತಿಳಿದಿರುವುದೇ ಸಾಕ್ಷರತೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿಯಿದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ಪಡೆಯಲು ಸರ್ಕಾರ ಹೊರಟಾಗ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಜಮೀನಿನ ದಾಖಲೆಯಾದ ಪಹಣಿಯ ಒಂಬತ್ತನೇ ಕಾಲಂನಲ್ಲಿ ತಮ್ಮ ಹೆಸರಿದ್ದರೆ ಸಾಲದು, ಹನ್ನೊಂದನೆಯದರಲ್ಲಿ ಯಾವ ಋಣ, ಯಾವ ಆದೇಶ ಬಂದು ಕೂತಿದೆ ಎಂದು ನೋಡಬೇಕು. ಕೈಗಾರಿಕೆಗೆ ಜಮೀನು ಪಡೆಯುವ ಕಾಯ್ದೆಯಲ್ಲಿ 28(1) ಎಂದರೆ ಮೊದಲ ಅಧಿಸೂಚನೆ, 28(4) ಎಂದರೆ ಅಂತಿಮ. ಸುಗ್ಗಿ ಬಿತ್ತನೆಗಳ ನಡುವೆ ಮೂರು ವರ್ಷಕ್ಕೂ ಹೆಚ್ಚು ಕಾಲ ನಡೆದ ಧರಣಿಯಲ್ಲಿ ಈ ಅಂಕಿಗಳು ದಿನನಿತ್ಯದ ಮಾತಾದವು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನವನ್ನು ಕೈಬಿಡುವುದಾಗಿ, ಸ್ವಇಚ್ಛೆಯಿಂದ ಕೊಡುವವರ ಜಮೀನನ್ನು ಮಾತ್ರ ಪಡೆಯುವುದಾಗಿ ಹೇಳಿದರು. ಸ್ವಇಚ್ಛೆ ಎಂಬ ಆ ಮಾತಿಗೆ ಬೆಲೆ ಬರುವುದು ಮುಂದಿಟ್ಟ ಕಾಗದವನ್ನು ರೈತ ಅರಿತಾಗ ಮಾತ್ರ.

ಅದಕ್ಕೇ ನನ್ನದೊಂದು ಕೇಳಿಕೆ. ಬ್ಯಾಂಕಿನಲ್ಲೋ ಅಂಗಡಿಯಲ್ಲೋ ಕಚೇರಿಯಲ್ಲೋ ಇನ್ನೊಬ್ಬರ ಬೆರಳು ಹಿಡಿದು ಯಂತ್ರದ ಮೇಲಿಡುವ ಕೆಲಸ ನಿಮ್ಮದಾಗಿದ್ದರೆ, ಮೊದಲು ಅದು ಯಾತಕ್ಕೆ, ಎಷ್ಟು ಹಣಕ್ಕೆ ಎಂದು ಕನ್ನಡದಲ್ಲಿ ಓದಿ ಹೇಳಿ. ಮನೆಯಲ್ಲಿ ಅಮ್ಮನ ಫೋನಿನಲ್ಲಿ ‘ಒಪ್ಪಿದ್ದೇನೆ’ ಒತ್ತುವ ಮಕ್ಕಳೂ ಹಾಗೆಯೇ ಮಾಡಿ. ಪತ್ರಕ್ಕೆ ಹೆಬ್ಬೆಟ್ಟು ಕೇಳಿ ಯಾರಾದರೂ ಬಂದರೆ, ಓದಿಸಿ ಕೇಳುವವರೆಗೆ ಕೈ ಚಾಚಬೇಡಿ.