ಮರಳಿ ಕೂಡಿದ ಮೇಳ

ಮೇಳವೊಂದು ಒಡೆಯಿತೆಂದರೆ ಹಣದ ಜಗಳವನ್ನೋ ಹಿರಿತನದ ಪೈಪೋಟಿಯನ್ನೋ ಊಹಿಸುವುದು ನಮ್ಮ ರೂಢಿ. ಅಮೆರಿಕೆಯ ಬೋಸ್ಟನ್ ನಗರದಲ್ಲಿ 1979ರಲ್ಲಿ ಜನ್ಮತಾಳಿದ ‘ಮಿಷನ್ ಆಫ್ ಬರ್ಮಾ’ ಎಂಬ ರಾಕ್ ಸಂಗೀತದ ಮೇಳವು ಒಡೆದುದಕ್ಕೆ ಕಾರಣವೇ ಬೇರೆ. ದೊಡ್ಡ ಕಂಪೆನಿಗಳ ಹಂಗಿಗೆ ಬೀಳದೆ, ಊರಿನದೇ ಸಣ್ಣ ಸಂಸ್ಥೆಯೊಂದರ ಮೂಲಕ ತನ್ನ ಧ್ವನಿಮುದ್ರಿಕೆಗಳನ್ನು ಹೊರತಂದ ಮೇಳವಿದು. ಅವುಗಳಲ್ಲಿ ಪೂರ್ಣಪ್ರಮಾಣದ್ದು 1982ರ ‘ವರ್ಸಸ್’ ಒಂದೇ.

ಇವರ ವಾದನ ಕಿವಿಗಡಚಿಕ್ಕುವಂತಹದು. ಆ ಅಬ್ಬರವೇ ಗಿಟಾರ್ ವಾದಕ ರೋಜರ್ ಮಿಲ್ಲರ್ ಅವರಿಗೆ ಮುಳುವಾಯಿತು. ಹೊರಗೆ ನಿಶ್ಶಬ್ದವಿದ್ದರೂ ಕಿವಿಯೊಳಗೆ ಸದ್ದು ಮೊರೆಯತೊಡಗಿತು. ನಮ್ಮ ಆಯುರ್ವೇದವು ಕರ್ಣನಾದವೆಂದು ಕರೆಯುವ ವ್ಯಾಧಿಯಿದು. ಕೀರ್ತಿಯು ಹಬ್ಬುತ್ತಿದ್ದ 1983ರಲ್ಲಿಯೇ ಮೇಳವು ವಿಸರ್ಜನೆಗೊಂಡಿತು.

ಹತ್ತೊಂಬತ್ತು ವರ್ಷಗಳು ಉರುಳಿದವು. 2002ರಲ್ಲಿ ಮಿಲ್ಲರ್, ಕ್ಲಿಂಟ್ ಕಾನ್ಲಿ, ಪೀಟರ್ ಪ್ರೆಸ್ಕಾಟ್ ಮೂವರೂ ಮರಳಿ ಒಂದೇ ವೇದಿಕೆಯನ್ನೇರಿದರು. ಹಿಂದೆ ಧ್ವನಿಸುರುಳಿಗಳನ್ನು ನಿರ್ವಹಿಸುತ್ತಿದ್ದ ಮಾರ್ಟಿನ್ ಸ್ವೋಪ್ ಬರಲಿಲ್ಲ. ಆ ಸ್ಥಾನವನ್ನು ಬಾಬ್ ವೆಸ್ಟನ್ ತುಂಬಿದರು. ಬಂದೂಕಿನ ಗುರಿಯಭ್ಯಾಸ ಮಾಡುವವರು ತೊಡುವಂತಹ ದಪ್ಪನೆಯ ಕರ್ಣಕವಚವನ್ನು ಧರಿಸಿಯೇ ಮಿಲ್ಲರ್ ನುಡಿಸಿದರು. ವ್ಯಾಧಿಯನ್ನು ಅರಿತೂ ಮತ್ತೆ ಅದೇ ಅಬ್ಬರದ ನಡುವೆ ನಿಂತವರ ಈ ಹಟವು ನಮ್ಮನ್ನು ಬೆರಗುಗೊಳಿಸುತ್ತದೆ.

ಹಳೆಯ ಹಾಡುಗಳನ್ನೇ ಮತ್ತೊಮ್ಮೆ ಹಾಡಿ, ಹಣವೆಣಿಸಿಕೊಂಡು ಮನೆಸೇರುವ ಮೇಳಗಳಿಗೆ ಬರವಿಲ್ಲ. ಮೊದಲ ನಾಲ್ಕು ವರ್ಷಗಳಲ್ಲಿ ಒಂದೇ ಪೂರ್ಣ ಮುದ್ರಿಕೆಯನ್ನು ನೀಡಿದ್ದ ಈ ಮೇಳವಾದರೋ, 2004ರಿಂದ 2012ರವರೆಗಿನ ಅವಧಿಯಲ್ಲಿ ಹೊಸ ಹಾಡುಗಳ ನಾಲ್ಕು ಮುದ್ರಿಕೆಗಳನ್ನು ಹೊರತಂದಿತು.